ಮೈಲಿ ಮೂರ್ತಿ

ಸಿಯಾಟಲ್ ಸುತ್ತಮುತ್ತ ಹತ್ತು ಕನ್ನಡದ ಮನೆಗಳಿದ್ದರೆ ಅದರಲ್ಲೊಬ್ಬ ಮೈಲಿ ಮೂರ್ತಿ ಇದ್ದೇ ಇರುತ್ತಾರೆ. ಹೆಸರು ಬೇರೆ ಇರಬಹುದು. ವಾರದ ಐದು ದಿನ ಕಂಪ್ಯೂಟರ್ ಮುಂದೆ ಬಗ್ಗಿ ಕೂತು ಬೆನ್ನುನೋವು ಎನ್ನುವ ಈ ಮನುಷ್ಯನಿಗೆ ಸೆಪ್ಟೆಂಬರ್ ಮೂರನೇ ವಾರ ಬಂತೆಂದರೆ ಮೈಮೇಲೆ ಏನೋ ಬರುತ್ತದೆ. ಕನ್ನಡ ಕೂಟದ ಗಣೇಶನನ್ನು ನೀರಿಗೆ ಬಿಟ್ಟು ಕೈ ಒಣಗುವುದರೊಳಗೆ ವಾಟ್ಸಾಪ್ ಗುಂಪಿಗೆ ಸಂದೇಶ ಬೀಳುತ್ತದೆ: “ಶನಿವಾರ ಲಾರ್ಚ್ ನೋಡಕ್ಕೆ ಮೇಪಲ್ ಪಾಸ್. 7 ಮೈಲಿ ಅಷ್ಟೇ. ಏರು 600 ಮೀಟರ್. ಆರಾಮಾಗಿ ಹೋಗಿ ಬರೋಣ.”

ಇದರಲ್ಲಿ ಸುಳ್ಳು ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಮೂರ್ತಿ ಸುಳ್ಳಾಡುವವರಲ್ಲ. ದೂರವನ್ನು ಮೈಲಿಯಲ್ಲೂ ಎತ್ತರವನ್ನು ಮೀಟರಿನಲ್ಲೂ ಹೇಳಿದ್ದಾರೆ, ಅಷ್ಟೇ. ಅಮೆರಿಕದಲ್ಲಿ ಬೆಟ್ಟವನ್ನು ಮೀಟರಿನಲ್ಲಿ ಅಳೆಯುವವರನ್ನು ನಾನು ಬೇರೆ ಕಂಡಿಲ್ಲ. ಮೂರ್ತಿ ಅಳೆಯುತ್ತಾರೆ, ಹೊರಡುವ ತನಕ ಮಾತ್ರ. ಭಾನುವಾರ ಊರಿಗೆ ಫೋನ್ ಮಾಡುವಾಗ ಅದೇ ದಾರಿ 11 ಕಿಲೋಮೀಟರ್ ಆಗಿರುತ್ತದೆ, ಏರು 2,000 ಅಡಿ. ದಾರಿ ಬೆಳೆದಿಲ್ಲ, ಅಳತೆಗೋಲು ಬದಲಾಗಿದೆ. ಹೋಗುವಾಗ ಕಳೆಯುವುದು, ಬಂದ ಮೇಲೆ ಕೂಡುವುದು: ಈ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ.

ಲಾರ್ಚ್ ಎಂಬುದು ಸೂಜಿ ಎಲೆಯ ಮರ. ಪೈನು, ಫರ್ ಮರಗಳ ನೆಂಟನೇ ಆದರೂ ಅವುಗಳಂತೆ ವರ್ಷವಿಡೀ ಹಸಿರು ಹೊತ್ತು ನಿಲ್ಲುವುದಿಲ್ಲ. ಚಳಿ ಬರುವ ಮೊದಲು ಸೂಜಿಗಳೆಲ್ಲ ಹೊಂಬಣ್ಣಕ್ಕೆ ತಿರುಗಿ ಉದುರುತ್ತವೆ. ಕ್ಯಾಸ್ಕೇಡ್ ಪರ್ವತಗಳಲ್ಲಿ, ಇನ್ನು ಮೇಲೆ ಮರವೇ ಇಲ್ಲ ಎನ್ನುವ ಎತ್ತರದಲ್ಲಿ ಇದು ಬೆಳೆಯುತ್ತದೆ. ಬಣ್ಣ ಸೆಪ್ಟೆಂಬರ್ ಕೊನೆಯಿಂದ ಎರಡು ವಾರ ನಿಂತರೆ ಹೆಚ್ಚು. ಆಮೇಲೆ ಹಿಮ ಬಿದ್ದು ಅಲ್ಲಿಗೆ ಹೋಗುವ ಹೆದ್ದಾರಿ 20 ಚಳಿಗಾಲಕ್ಕೆಂದು ಮುಚ್ಚಿಯೇ ಹೋಗುತ್ತದೆ. ಹೀಗಾಗಿ ಆ ಎರಡು ವಾರಾಂತ್ಯಗಳಲ್ಲಿ ಇಡೀ ಸಿಯಾಟಲ್ ಒಂದೇ ಸಲ ಬೆಟ್ಟಕ್ಕೆ ನುಗ್ಗುತ್ತದೆ. ಇದಕ್ಕೆ ಇಲ್ಲಿಯವರು ‘ಲಾರ್ಚ್ ಮಾರ್ಚ್’ ಎನ್ನುತ್ತಾರೆ. ಮೇಪಲ್ ಪಾಸ್ ದಾರಿ ಹೊರಡುವ ರೇನಿ ಪಾಸ್‌ನ ಪಾರ್ಕಿಂಗ್ ಬೆಳಕು ಹರಿಯುವುದರೊಳಗೆ ತುಂಬಿ, ಕಾರುಗಳು ಹೆದ್ದಾರಿಯ ಅಂಚಿನಲ್ಲಿ ಸಾಲುಗಟ್ಟುತ್ತವೆ. ಆದ್ದರಿಂದ ಮೂರ್ತಿ ನಾಲ್ಕು ಗಂಟೆಗೆ ಹಾರ್ನ್ ಹೊಡೆಯುತ್ತಾರೆ. ಶಿಖರ ಹತ್ತಿದಾಗಲೂ ಕಾಣದ ಸಂತೃಪ್ತಿಯನ್ನು ಅವರ ಮುಖದಲ್ಲಿ ನೋಡಬೇಕಾದರೆ, ದಾರಿ ಶುರುವಾಗುವಲ್ಲೇ ಪಾರ್ಕಿಂಗ್ ಸಿಕ್ಕಿದ ಗಳಿಗೆಯಲ್ಲಿ ನೋಡಬೇಕು. ಕನ್ನಡಿಗೆ ಅರಣ್ಯ ಇಲಾಖೆಯ ಪಾಸ್ ತೂಗುಹಾಕುತ್ತ, “ದಿನಕ್ಕಾದರೆ 5 ಡಾಲರ್, ವರ್ಷಕ್ಕೆ 30. ನಾನು ವರ್ಷದ್ದೇ ತಗೊಂಡ್‌ಬಿಟ್ಟಿದೀನಿ” ಎನ್ನುತ್ತಾರೆ. ಆ ದುಡ್ಡು ಹುಟ್ಟಬೇಕಾದರೆ ಆರು ಸಲ ಹೋಗಬೇಕು. ನಮ್ಮನ್ನೆಲ್ಲ ಎಳೆದುಕೊಂಡು ಹೋಗುವುದರ ಹಿಂದೆ ಈ ಲೆಕ್ಕವೂ ಇದೆ ಎಂದು ನನ್ನ ಗುಮಾನಿ.

ಮೂರ್ತಿಯ ಬೆನ್ನಚೀಲವನ್ನು ನೋಡದೆ ಮೂರ್ತಿಯನ್ನು ಅರಿತೆವು ಎನ್ನುವಂತಿಲ್ಲ. ಸಿಯಾಟಲ್‌ನಲ್ಲಿ 1906ರಲ್ಲಿ ಹುಟ್ಟಿದ ‘ಮೌಂಟೇನಿಯರ್ಸ್’ ಎಂಬ ಪರ್ವತಾರೋಹಿಗಳ ಸಂಘ, 1930ರ ದಶಕದಲ್ಲಿ ಬೆಟ್ಟಕ್ಕೆ ಒಯ್ಯಲೇಬೇಕಾದ ಹತ್ತು ವಸ್ತುಗಳ ಪಟ್ಟಿ ಮಾಡಿತು: ನಕ್ಷೆ, ದಿಕ್ಸೂಚಿ, ದೀಪ, ಬೆಂಕಿಪೊಟ್ಟಣ, ಚಾಕು ಇತ್ಯಾದಿ. ಮೂರ್ತಿ ಹತ್ತನ್ನೂ ಒಯ್ಯುತ್ತಾರೆ. ಉತ್ತರ ಯಾವ ಕಡೆ ಎಂದು ಕೇಳಿದರೆ ಮಾತ್ರ ಫೋನ್ ತೆಗೆಯುತ್ತಾರೆ. ಸಿಗ್ನಲ್ ಕೆಳಗಡೆಯೇ ಸತ್ತಿರುತ್ತದೆ. ಹನ್ನೊಂದನೆಯ ವಸ್ತು ಪುಳಿಯೋಗರೆ ಡಬ್ಬಿ, ಅದು ಹೆಂಡತಿಯ ಚೀಲದಲ್ಲಿ. ಇಷ್ಟೆಲ್ಲ ಸರಂಜಾಮು ಬಂದದ್ದು ಆರ್‌ಇಐ ಎಂಬ ಸಹಕಾರಿ ಅಂಗಡಿಯಿಂದ. 1938ರಲ್ಲಿ ಸಿಯಾಟಲ್‌ನ ದಂಪತಿ, ಆಸ್ಟ್ರಿಯಾದಿಂದ ತರಿಸಿದ ಹಿಮಗೊಡಲಿಯೊಂದರ ನೆಪದಲ್ಲಿ, ತಮ್ಮಂಥ ಬೆಟ್ಟದ ಹುಚ್ಚಿನವರನ್ನು ಸೇರಿಸಿ ಕಟ್ಟಿದ್ದು ಅದು. ತೀರ್ಥಹಳ್ಳಿಯ ಅಪ್ಪಯ್ಯನಿಗೆ ಮ್ಯಾಮ್ಕೋಸ್ ಅಡಿಕೆ ಸೊಸೈಟಿಯ ಸದಸ್ಯತ್ವ ಎಷ್ಟು ದೊಡ್ಡದೋ ಮೂರ್ತಿಗೆ ಇದರ ಸದಸ್ಯತ್ವ ಅಷ್ಟು ದೊಡ್ಡದು.

ಹೌದು, ಮೂರ್ತಿ ತೀರ್ಥಹಳ್ಳಿ ಕಡೆಯವರು. ಕುಂದಾದ್ರಿಗೆ ಕಾರಿನಲ್ಲಿ, ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿ ಬಂದವರು. ಅಲ್ಲಿ ನಡೆದುಕೊಂಡು ಹತ್ತುವವರನ್ನು ಕಂಡು “ಪಾಪ, ಜೀಪು ಸಿಗಲಿಲ್ವೇನೋ” ಎಂದಿದ್ದರಂತೆ.

ಅವರ ಜೀವನವನ್ನು ಎರಡು ಭಾಗ ಮಾಡಬಹುದು: ಎನ್‌ಚಾಂಟ್‌ಮೆಂಟ್ಸ್‌ಗೆ ಮೊದಲು, ಆಮೇಲೆ. ಲೆವನ್‌ವರ್ತ್ ಊರಿನ ಹಿಂದಿರುವ ಆ ಬೆಟ್ಟಸಾಲಿನ ನಡುವೆ ಬೋಗುಣಿಯಂಥ ಕಣಿವೆಗಳು, ಒಂದರ ಮೇಲೊಂದು ಸರೋವರಗಳು. ರಾತ್ರಿ ತಂಗಲು ಲಾಟರಿಯಲ್ಲಿ ಪರವಾನಗಿ ಎತ್ತಬೇಕು, ಅದು ಬಹುಜನಕ್ಕೆ ಬರುವುದಿಲ್ಲ. ಒಂದೇ ದಿನದಲ್ಲಿ ಈ ತುದಿಯಿಂದ ಆ ತುದಿಗೆ ನಡೆದುಬಿಟ್ಟರೆ ಲಾಟರಿ ಬೇಡ. ಸುಮಾರು 18 ಮೈಲಿ. ನಡುವೆ ಆಸ್‌ಗಾರ್ಡ್ ಪಾಸ್ ಎಂಬ ಬಂಡೆಗಳ ರಾಶಿ, ಒಂದು ಮೈಲಿಯೊಳಗೆ 2,000 ಅಡಿ ಏರು. ಮೂರ್ತಿ ಅದನ್ನು ಒಮ್ಮೆ ಮಾಡಿದ್ದಾರೆ. ಅಂದಿನಿಂದ ಯಾವ ಮಾತೂ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಸತ್ಯನಾರಾಯಣ ಪೂಜೆಯಲ್ಲಿ ಸಜ್ಜಿಗೆಗೆ ಉಪ್ಪು ಬಿದ್ದಿದೆ ಎಂದು ಯಾರೋ ಅಂದರೆ, “ಉಪ್ಪು ಅಂದಕೂಡ್ಲೆ ನೆನಪಾಯ್ತು” ಎಂದು ಶುರು: ಅಲ್ಲಿನ ಕಾಡುಮೇಕೆಗಳಿಗೆ ಉಪ್ಪಿನ ಚಪಲ, ಮನುಷ್ಯರು ಮೂತ್ರ ಮಾಡಿದ ಜಾಗ ನೆಕ್ಕಲು ಹಿಂದೆಹಿಂದೆಯೇ ಬರುತ್ತವೆ, ಮೂರ್ತಿ ಬಂಡೆಯ ಮರೆಗೆ ಹೋದಾಗ ಒಂದು ಮೇಕೆ ಸರದಿಯಲ್ಲಿ ಕಾಯುತ್ತಿತ್ತು. ಮೇಕೆಯ ವಿಷಯ ನಿಜ. ಪ್ರಸಾದ ಕೈಯಲ್ಲಿ ಹಿಡಿದು ಕೇಳಬೇಕಾದವರ ಕಷ್ಟವೂ ನಿಜ. ಆ ನಡಿಗೆಯ ಮಾರನೆಯ ವಾರವೆಲ್ಲ ಮೂರ್ತಿ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದರು ಎಂಬುದು ಹೆಂಡತಿ ಸೇರಿಸಿದ ಟಿಪ್ಪಣಿ.

ಈ ಸಲ ಮೂರ್ತಿಯ ಅಪ್ಪಯ್ಯ ಅಮ್ಮ ಬಂದಿದ್ದರು. ಬೇಸಿಗೆಗೆ ಬಂದು ದೀಪಾವಳಿಗೆ ವಾಪಸಾಗುವ ತಂದೆತಾಯಂದಿರನ್ನು ಮೂರ್ತಿಗಳು ಬೆಟ್ಟ ತೋರಿಸದೆ ಕಳಿಸುವುದಿಲ್ಲ. ಅಪ್ಪಯ್ಯ ಮಂಕಿಕ್ಯಾಪ್, ಅಮ್ಮ ಸೀರೆ, ಸ್ವೆಟರು, ಮೊಮ್ಮಗಳ ಹಳೇ ಸ್ನೀಕರ್ಸ್. ಮೇಪಲ್ ಪಾಸ್ ದಾರಿ ಲೇಕ್ ಆ್ಯನ್ ಎಂಬ ಸರೋವರದ ಬೋಗುಣಿಯನ್ನು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಸರೋವರವನ್ನು ಎಡಕ್ಕೆ ಇಟ್ಟುಕೊಂಡು ಹೋದರೆ ಏರು ನಿಧಾನ, ಬಹಳ ಜನ ಹಾಗೇ ಹೋಗುತ್ತಾರೆ. ಮೂರ್ತಿ ನಕ್ಷೆ ಬಿಡಿಸಿ ಹಾಗೆಂದು ವಿವರಿಸಿದರು.

“ಎಡಕ್ಕಾ? ಅಪ್ರದಕ್ಷಿಣೆ ಆಗ್ತದಲ್ಲ ಮಾರಾಯ!” ಎಂದರು ಅಮ್ಮ.

“ಅಮ್ಮಾ, ಅದು ದೇವಸ್ಥಾನ ಅಲ್ಲ.”

“ಅಷ್ಟು ದೊಡ್ಡ ಕೆರೆ, ಸುತ್ತ ಬೆಟ್ಟ. ದೇವರು ಇಲ್ದೆ ಇರ್ತಾನಾ?”

ಹೀಗೆ ನಾವು ಸರೋವರವನ್ನು ಬಲಕ್ಕೆ ಇಟ್ಟುಕೊಂಡು ಹೊರಟೆವು. ಮಂಡಿ ಎದೆಗೆ ತಾಗುವ ಏರು. ಅಡಿಕೆ ತೋಟದ ದರೆ ಹತ್ತಿ ಇಳಿದು ಬಾಳಿದ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ. ಅಪ್ಪಯ್ಯ ಕೈ ಹಿಂದೆ ಕಟ್ಟಿ ಅವರ ಬೆನ್ನಿಗೆ. ಹತ್ತು ಅಗತ್ಯ ವಸ್ತುಗಳೊಂದಿಗೆ ಮೂರ್ತಿ ಕೊನೆಗೆ, ಫೋಟೋ ತೆಗೆಯುವ ನೆಪದಲ್ಲಿ ನಿಂತು ನಿಂತು. “ಇನ್ನೆಷ್ಟಾ?” ಎಂದು ಅಪ್ಪಯ್ಯ ಮೇಲಿಂದ ಕೂಗಿದರೆ “ಇನ್ನು ಹತ್ತೇ ನಿಮಿಷ” ಎಂದು ಕೆಳಗಿನಿಂದ ಉತ್ತರ. ಬೆಟ್ಟದಲ್ಲಿ ಹತ್ತು ನಿಮಿಷ ಎಂಬುದು ಮೂರ್ತಿಯ ಬಾಯಿಂದ ಬರುವ ಇನ್ನೊಂದು ಅಳತೆ, ಅದು ಮುಕ್ಕಾಲು ಗಂಟೆಗೆ ಸಮ.

ಕೊನೆಗೂ ಏಣು ಹತ್ತಿದಾಗ ಬಿಸಿಲು ಬಿದ್ದು ಇಳಿಜಾರೆಲ್ಲ ಹಳದಿ. ಕೆಳಗೆ ಲೇಕ್ ಆ್ಯನ್, ನಡುವೆ ಅದರ ಪುಟ್ಟ ದ್ವೀಪ. ಮೂರ್ತಿ ಉಸಿರು ತೆಗೆದುಕೊಂಡು, ಕೈ ಚಾಚಿ, “ನೋಡಿ ಅಪ್ಪಯ್ಯ, ಲಾರ್ಚ್!” ಎಂದರು.

ಅಪ್ಪಯ್ಯ ಒಂದು ಮರದ ಹತ್ತಿರ ಹೋಗಿ ಸೂಜಿಗಳನ್ನು ಉಜ್ಜಿ ನೋಡಿದರು. “ಗಾಳಿಮರ ಒಣಗಿದ ಹಂಗೆ ಉಂಟಲ್ಲನಾ. ಬುಡಕ್ಕೆ ನೀರು ಬಿಡ್ಲಿಲ್ವಾ ಇವ್ರು?”

ಭಾನುವಾರ ಸಂಜೆ ಊರಿನ ನೆಂಟರೊಬ್ಬರಿಗೆ ಅಪ್ಪಯ್ಯನ ಫೋನು. ಮೂರ್ತಿ ಕಾಲಿಗೆ ಮುಲಾಮು ತಿಕ್ಕುತ್ತ ಪಕ್ಕದಲ್ಲಿದ್ದರು, ನಾನು ಕಾಫಿಗೆ ಬಂದಿದ್ದೆ.

“ಹೂಂ, ನಿನ್ನೆ ಬೆಟ್ಟ ಹತ್ತಿ ಬಂದ್ವಿ. 7,000 ಅಡಿ.”

“ಅಪ್ಪಯ್ಯ, 2,000” ಎಂದು ಮೂರ್ತಿ ಪಿಸುಗುಟ್ಟಿದರು. “7,000 ಸಮುದ್ರಮಟ್ಟದಿಂದ. ನಾವು ಕಾರು ನಿಲ್ಸಿದ್ದೇ 4,800ರಲ್ಲಿ.”

ಅಪ್ಪಯ್ಯ ಫೋನಿಗೆ ಕೈ ಅಡ್ಡ ಹಿಡಿದರು. “ನಿನ್ನ ಮನೆ ಸಮುದ್ರದ ಹತ್ರಾನೇ ಅಲ್ವನಾ? ನಾವು ಹೊರಟಿದ್ದು ಮನೆಯಿಂದ ತಾನೆ?”

ಮೂರ್ತಿ ಮುಲಾಮು ತಿಕ್ಕುವುದನ್ನು ನಿಲ್ಲಿಸಿದರು. ಆಮೇಲೆ ಫೋನ್ ಎತ್ತಿಕೊಂಡು ಎನ್‌ಚಾಂಟ್‌ಮೆಂಟ್ಸ್‌ನ ಲೆಕ್ಕವನ್ನು ಹೊಸದಾಗಿ ಹಾಕತೊಡಗಿದರು.