ತಾರಸಿಗೊಂದು ಅಪ್‌ಡೇಟು

(ಕಾರವಾರದ ಬಳಿಯ ತೋಡೂರು. ಪಾಯ ತೆಗೆದ ಜಾಗ. ಇಂಜಿನಿಯರ್ ಕೈಯಲ್ಲಿ ಟ್ಯಾಬ್, ಮೇಸ್ತ್ರಿ ಕೈಯಲ್ಲಿ ತೂಕದ ಗುಂಡು.)

ಇಂಜಿನಿಯರ್: ನೋಡಿ ಮೇಸ್ತ್ರಿ, ಎಐ ಒಂದೇ ನಿಮಿಷದಲ್ಲಿ ಕೊಟ್ಟ ಡಿಸೈನು! ಸಪಾಟು ತಾರಸಿ, ಪಡುವಣಕ್ಕೆ ಪೂರಾ ಗಾಜು. ಸಂಜೆಬಿಸಿಲು ಹಾಸಿಗೆ ಮೇಲೇ ಬೀಳ್ತದೆ.

ಮೇಸ್ತ್ರಿ: ಜೂನಿನಲ್ಲಿ ಮಳೆಯೂ ಅಲ್ಲೇ ಬೀಳ್ತದೆ ತಮಾ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ ಅಂತ ಅದಕ್ಕೆ ಹೇಳಿದ್ಯಾ?

ಇಂಜಿನಿಯರ್: ‘ಸಮುದ್ರದ ಹತ್ತಿರ’ ಅಂತ ಹಾಕಿದ್ದೆ.

ಮೇಸ್ತ್ರಿ: ಅದು ದುಬೈ ಸಮುದ್ರ ಅಂದುಕೊಂಡಿರಬೇಕು.

ಮನೆಯೊಡತಿ: ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟು ಇಲ್ಲಿಗೆ ಬಂದಾಗ ಅಪ್ಪ ಮಣ್ಣಿನ ಮೇಲೆ ಕೋಲಿನಲ್ಲೇ ಪ್ಲಾನ್ ಗೀಚಿದ್ದ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು. ಇನ್ನೂ ಸೋರಿಲ್ಲ.

ಇಂಜಿನಿಯರ್: ಹಿಂದೆಲ್ಲ ಒಂದು ಗೆರೆ ತಿದ್ದಲು ಟ್ರೇಸಿಂಗ್ ಕಾಗದವನ್ನು ಬ್ಲೇಡಿನಲ್ಲಿ ಕೆರೆಯಬೇಕಿತ್ತು. 1982ರಲ್ಲಿ ಆಟೋಕ್ಯಾಡ್ ಬಂತು. ಈಗ ಒಂದು ಕ್ಲಿಕ್ ಸಾಕು!

ಮೇಸ್ತ್ರಿ: ಅದಕ್ಕೇ ದಿನಾ ತಿದ್ತೀರಿ. ಕಟ್ಟಿದ ಗೋಡೆಗೆ ‘ಅನ್‌ಡೂ’ ಬಟನ್ ಎಲ್ಲಿದೆ?

ಮನೆಯೊಡತಿ: ಅಡುಗೆಮನೆ ಚೆಂದ ಉಂಟು. ಮೀನಿಗೆ ಜಾಗ?

ಇಂಜಿನಿಯರ್: (ಟೈಪಿಸಿ) ಬಂತು ಅಕ್ಕಾ... ಅಕ್ವೇರಿಯಂ!

ಮೇಸ್ತ್ರಿ: ಇರಲಿ, ತಾರಸಿ ಹಾಕುವಾ. ಮೇಲಿನ ತಗಡಿನ ಶೀಟಿಗೂ ಈಗಲೇ ಅಳತೆ ತಗೊಳ್ತೇನೆ.

ಇಂಜಿನಿಯರ್: ಅದು ಡಿಸೈನಿನಲ್ಲಿ ಇಲ್ವಲ್ಲ!

ಮೇಸ್ತ್ರಿ: ಡಿಸೈನು ನಿಮ್ದು ತಮಾ. ಅಪ್‌ಡೇಟು ಮಳೆಗಾಲದ್ದು.