ಸುಧಾರಿಸಿಕೊಳ್ರಿ, ಗೌಡ್ರ

ನಮ್ಮ ಬೆಳಗಾವಿ ಜಿಲ್ಲೆಯ ರೈತ ಎಂಥ ಮಂಕ ಎಂಬುದಕ್ಕೆ ಒಂದು ಕಥೆಯಿದೆ. ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರ ಹೊತ್ತಿಗೆ ಕಬ್ಬಿಣದ ನೇಗಿಲು ತಯಾರಿಸಿದರು. ರೈತರು ಬಂದರು, ಮುಟ್ಟಿ ನೋಡಿದರು, "ಕಬ್ಬಿಣ ಹತ್ತಿದ್ರ ಭೂಮಿಗೆ ವಿಷ ಏರ್ತೈತಿ" ಅಂದು ಹೊರಟುಹೋದರು. ಮೊದಲ ನೇಗಿಲುಗಳು ಗಿರಾಕಿಯ ಮುಖ ಕಾಣಲು ಎರಡು ವರ್ಷ ಹಿಡಿಯಿತಂತೆ. ಸ್ವಯಂ ಉದ್ಯೋಗದ ತರಬೇತಿ ಶಿಬಿರಗಳಲ್ಲಿ ಇಂದಿಗೂ ಈ ಕಥೆ ಹೇಳುತ್ತಾರೆ. ಹೇಳುವವರು ಸರಿಯಾಗಿ ಈ ಜಾಗದಲ್ಲಿ ಒಂದು ಗುಟುಕು ನೀರು ಕುಡಿಯುತ್ತಾರೆ, ಕೇಳುವವರು ನಗಲಿ ಎಂದು. ನಾನೂ ನಕ್ಕವನೇ.

ಈಚೆಗೆ ಮೇಲವಂಕಿಗೆ ಹೋಗಿದ್ದೆ. ಸಂಬಂಧದಲ್ಲಿ ಕಾಕಾ ಆಗಬೇಕಾದ ಹಿರಿಯರೊಬ್ಬರು ನಾಲ್ಕು ಮಡಿಕೆಯ ಒಂದು ಕಾಗದ ತಂದು ಕೈಗಿಟ್ಟರು. ಸರಕಾರ ಕೊಟ್ಟ ಮಣ್ಣಿನ ಆರೋಗ್ಯ ಚೀಟಿ. "ಚಾಳೀಸ ಒಡದೈತಿ, ಏನ ಬರದಾರ ನೋಡು ತಮ್ಮಾ." ನೋಡಿದೆ. ಲವಣಾಂಶ ಹೆಚ್ಚು, ಕ್ಷಾರ ಹೆಚ್ಚು, ಸಾವಯವ ಇಂಗಾಲ ಕಡಿಮೆ. ಹೊಲದ ತಗ್ಗಿನ ಮೂಲೆಯಲ್ಲಿ ಮಣ್ಣು ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಅಲ್ಲಿ ಕಬ್ಬು ಮೊಳಕಾಲೆತ್ತರಕ್ಕೆ ನಿಂತು, ಮುಂದೆ ಬೆಳೆಯುವುದೋ ಬೇಡವೋ ಎಂದು ಯೋಚಿಸುತ್ತಿತ್ತು.

"ಅಂದ್ರ, ಭೂಮಿಗೆ ವಿಷ ಏರೇತಿ ಅನ್ನು."

"ವಿಷ ಅಲ್ಲ ಕಾಕಾ, ಸವಳು."

"ನಿಮ್ಮ ಸಾಲ್ಯಾಗ ಹಂಗ ಅಂತಿರಬೇಕು."

ಅಂದು ನಕ್ಕಿದ್ದನ್ನು ಈಗ ವಾಪಸು ಕೊಡಬೇಕೆಂದರೆ ಯಾವ ಕೌಂಟರಿಗೆ ಹೋಗಬೇಕೋ ಗೊತ್ತಿಲ್ಲ. ಪಾಪ, ಕಬ್ಬಿಣದ್ದೇನೂ ತಪ್ಪಿಲ್ಲ. ಮರದ ನೇಗಿಲಿಗೆ ಸೊಪ್ಪು ಹಾಕದ ಕರಿಕೆಯನ್ನು ಬೇರುಸಮೇತ ಎತ್ತಿ ಬಿಸಿಲಿಗೆ ಹಾಕಿದ್ದು ಅದೇ ಕಬ್ಬಿಣ. 1903ರ ರೈತ ನುಡಿದ ಭವಿಷ್ಯ ಸರಿಯಾಗಿಯೇ ಇತ್ತು, ಆರೋಪಿಯ ಹೆಸರು ಮಾತ್ರ ತಪ್ಪಿತ್ತು.

ನಿಜವಾದ ಆರೋಪಿಯ ಹೆಸರು ಸುಧಾರಣೆ. ಈ ಶಬ್ದ ನಮ್ಮ ಕಡೆ ಜೋರಾಗಿ ಕೇಳಿಸತೊಡಗಿದ್ದು ಯುದ್ಧದ ಕಾಲದಲ್ಲಿ. 1943ರ ಸುಮಾರಿಗೆ 'ಹೆಚ್ಚು ಧಾನ್ಯ ಬೆಳೆಯಿರಿ' ಎಂಬ ಚಳವಳಿ ಬಂತು. 1952ರ ಗಾಂಧಿ ಜಯಂತಿಗೆ ಸಮುದಾಯ ಅಭಿವೃದ್ಧಿ ಯೋಜನೆ ಹುಟ್ಟಿತು, ಅದರ ಬೆನ್ನಿಗೆ ಗ್ರಾಮಸೇವಕ ಹುಟ್ಟಿದ. ಸೈಕಲ್ಲು, ಬಗಲಚೀಲ, ಚೀಲದ ತುಂಬ ಸುಧಾರಣೆ. ಸುಧಾರಿಸಿದ ಬೀಜ, ಸುಧಾರಿಸಿದ ಒಕ್ಕಲುತನ, ಸುಧಾರಿಸಿದ ಕೋಳಿ, ಸುಧಾರಿಸಿದ ಒಲೆ. ಆಗ ದೇಶದ ತುಂಬ ಜಪಾನಿ ಪದ್ಧತಿಯ ಭತ್ತದ ಭಜನೆ ನಡೆದಿತ್ತು. ಜೋಳದ ರೊಟ್ಟಿಯ ನಮ್ಮ ಸೀಮೆಯ ಕಿವಿಗೂ ಅದು ಬಿತ್ತು. ನಮ್ಮ ಹಿರಿಯರು ಸೌಜನ್ಯದಿಂದ ತಲೆಯಾಡಿಸಿ, ಮುಂಗೈ ಮೇಲೆ ರೊಟ್ಟಿ ಇಟ್ಟುಕೊಂಡು ಜಪಾನಿನ ಬಗ್ಗೆ ಕೇಳಿಸಿಕೊಂಡರು.

ಕನ್ನಡದಲ್ಲಿ ಒಂದು ಸಣ್ಣ ತೊಡಕಿದೆ. ಸುಧಾರಿಸು ಅಂದರೆ ಉತ್ತಮಪಡಿಸು. ಅದಕ್ಕೆ 'ಕೊಳ್ಳು' ಸೇರಿಸಿ ಸುಧಾರಿಸಿಕೊಳ್ಳು ಅಂದರೆ, ಕುಂತು ಉಸಿರು ಬಿಡು. ಸರಕಾರ ಮೊದಲನೆಯದನ್ನು ಹೇಳುತ್ತಿತ್ತು. ರೈತ ಎರಡನೆಯದಕ್ಕೆ ಕಾಯುತ್ತಿದ್ದ. ಎಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ಶಬ್ದ ಹಿಡಿದುಕೊಂಡು ಬೇರೆ ಬೇರೆ ಬಸ್ಸಿಗೆ ಕಾಯುತ್ತಿದ್ದಾರೆ.

ಇಂಜಿನ್ನಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಗ್ಲೆಂಡಿನ ಲಿಸ್ಟರ್, ಅದರ ಜೊತೆಗಾರ ಪೆಟ್ಟರ್ (ಊರ ಬಾಯಲ್ಲಿ ಪೀಟರ್), ಸಾತಾರೆಯ ಕೂಪರ್, 1946ರಲ್ಲಿ ಪುಣೆಯಲ್ಲಿ ಶುರುವಾದ ಕಾರ್ಖಾನೆಯ ಕಿರ್ಲೋಸ್ಕರ್. ನಮ್ಮ ಬಾವಿಯ ಮೇಲಿದ್ದದ್ದು ಇವುಗಳಲ್ಲಿ ಯಾವುದೆಂದು ಅದರ ಮೈಮೇಲಿನ ಎಣ್ಣೆ ಜಿಡ್ಡು ಕೊನೆಯವರೆಗೂ ಹೇಳಗೊಡಲಿಲ್ಲ. ಚಾಲೂ ಮಾಡುವುದು ಒಂದು ಸಂಸ್ಕಾರ. ಒಬ್ಬ ಮೇಲಿನ ಲಿವರ್ ಎತ್ತಿ ಹಿಡಿಯಬೇಕು, ಇನ್ನೊಬ್ಬ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಗಾಲಿ ಭರದಲ್ಲಿ ತಿರುಗಿದಾಗ "ಬಿಡು!" ಎಂದು ಕೂಗಬೇಕು, ಲಿವರ್ ಬಿಡಬೇಕು, ಹ್ಯಾಂಡಲ್ ಕಿತ್ತುಕೊಂಡು ಹಿಂದೆ ಸರಿಯಬೇಕು. ತಡವಾದರೆ ಅದು ತಿರುಗಿ ಮುಂಗೈಗೆ ಹೊಡೆಯುತ್ತಿತ್ತು. ಹೊಡೆಸಿಕೊಂಡ ಕೈಯನ್ನು ಸೊಟ್ಟಗೇ ಇಟ್ಟುಕೊಂಡು ಓಡಾಡುವವರು ಊರೂರಿಗೆ ಒಬ್ಬಿಬ್ಬರಿದ್ದರು. ಅವರಿಗೆ ಊರಲ್ಲಿ ಮರ್ಯಾದೆಯೂ ಇತ್ತು, ಸುಧಾರಣೆಯನ್ನು ಮೊದಲು ಮುಟ್ಟಿದವರು ಎಂದು.

ಅಷ್ಟಾದರೂ ನೀರು ಬರುತ್ತಿರಲಿಲ್ಲ. ಫೂಟ್‌ವಾಲ್ ಸೋರಿ ಪೈಪು ಗಾಳಿ ಹಿಡಿದಿರುತ್ತಿತ್ತು. ಆಗ ಅಜ್ಜ ಬಕೆಟ್ಟಿನಲ್ಲಿ ಸಗಣಿ ಕಲಸಿ ಪಂಪಿನ ಬಾಯಿಗೆ ಸುರಿಯುತ್ತಿದ್ದ. ಸಗಣಿ ಹೋಗಿ ಸಂದಿ ಮುಚ್ಚಿ, ಗಾಳಿ ಕಟ್ಟಾಗಿ, ಮೊದಲು ಹಸಿರು ನೀರು, ಆಮೇಲೆ ಕರಿ ನೀರು, ಆಮೇಲೆ ತಿಳಿ ನೀರು ದಪ್ಪಗೆ ಬಂದು ಹೌದಿಗೆ ಬೀಳುತ್ತಿತ್ತು. ಇಪ್ಪತ್ತನೆಯ ಶತಮಾನದ ಯಂತ್ರಶಾಸ್ತ್ರ ಒಂದು ಎಮ್ಮೆಯ ಒಪ್ಪಿಗೆಗಾಗಿ ಬಾವಿಯ ದಂಡೆಯಲ್ಲಿ ಕಾಯುತ್ತಿತ್ತು. ಇಂಜಿನ್ನಿನ ಜೊತೆ ಬಂದ ಪುಸ್ತಕದಲ್ಲಿ ಈ ಅಧ್ಯಾಯ ಮಾತ್ರ ಇರಲಿಲ್ಲ.

ಇಂಜಿನ್ನಿಗಿಂತ ಮೊದಲು ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಇಳಿದಾಗ ತೊಗಲಿನ ಚೀಲ ಮೇಲೆ ಬರುವುದು, ಹತ್ತಿದಾಗ ಚೀಲ ಕೆಳಗೆ ಹೋಗುವುದು. ನಸುಕಿನಿಂದ ಹೊತ್ತು ಮುಳುಗುವವರೆಗೆ ಹೊಡೆದರೂ ಬಾವಿ ತಳ ಕಾಣುತ್ತಿರಲಿಲ್ಲ, ರಾತ್ರಿ ಮತ್ತೆ ತುಂಬಿಕೊಳ್ಳುತ್ತಿತ್ತು. ಅಂದರೆ ಬಾವಿ ಸುಧಾರಿಸಿಕೊಳ್ಳುತ್ತಿತ್ತು. ಇಂಜಿನ್ ಬಂತು, ತಾಸೊಪ್ಪತ್ತಿನಲ್ಲಿ ಬಾವಿ ಬರಿದಾಯಿತು. ಮದ್ದು ಹಾಕಿ ಬಂಡೆ ಒಡೆದು ಆಳ ಮಾಡಿದರು. ನೀರು ಇನ್ನೂ ಕೆಳಗೆ ಹೋಯಿತು. ಬೋರು ಕೊರೆದರು. ನೀರೂ ಸುಧಾರಿಸಿ ಮತ್ತಷ್ಟು ಆಳ ಕಲಿಯಿತು.

ಕಪಿಲೆಯ ಹಾಡು ಎಷ್ಟು ಚಂದ ಇತ್ತು ಎಂದು ಈಗ ಕೆಲವರು ಬರೆಯುತ್ತಾರೆ. ಬರೆದವರ ಅಂಗೈ ನೋಡಬೇಕೆಂಬ ಆಸೆ ನನಗೆ. ಕಪಿಲೆ ಹೊಡೆದ ಅಜ್ಜ ಮಾತ್ರ ಹಾಡಿನ ಸುದ್ದಿ ಎತ್ತಿದರೆ ಸಿಟ್ಟಾಗುತ್ತಿದ್ದ. "ನಿದ್ದಿ ಬರಬಾರದಂತ ಒದರ್ತಿದ್ವಿ" ಅನ್ನುತ್ತಿದ್ದ. ಅವನಿಗೆ ಇಂಜಿನ್ ಬೇಕಾಗಿತ್ತು, ಎಲ್ಲರಿಗೂ ಬೇಕಾಗಿತ್ತು.

ಹಾಗಾದರೆ ಯಾರಿಗೆ ಒಳ್ಳೆಯದಾಯಿತು? ಸಾತಾರೆಯ ಸರ್ ಧನಜಿಷಾ ಕೂಪರ್ ನೇಗಿಲು, ಇಂಜಿನ್ ಮಾಡುವ ಕಾರ್ಖಾನೆ ಕಟ್ಟಿದವರು. 1937ರಲ್ಲಿ ಕೆಲವು ತಿಂಗಳ ಮಟ್ಟಿಗೆ ಮುಂಬೈ ಪ್ರಾಂತ್ಯದ ಪ್ರಧಾನಿಯೂ ಆದರು. ನಾವು ಆಗ ಅದೇ ಪ್ರಾಂತ್ಯದಲ್ಲಿದ್ದೆವು. ನೇಗಿಲು ಮಾಡಿಸಿದವರು ಪ್ರಧಾನಿಯಾದರು, ನೇಗಿಲು ಹಿಡಿದವರು ಸೊಸೈಟಿಯ ಸಾಲಗಾರರಾದರು. ಆ ಸಂಪ್ರದಾಯವನ್ನು ನಮ್ಮ ಜಿಲ್ಲೆ ಕೈಬಿಟ್ಟಿಲ್ಲ. ನೇಗಿಲು ಹಳೆಯದಾಯಿತೆಂದು ಈಗ ಸಕ್ಕರೆ ಹಿಡಿದಿದೆ, ಅಷ್ಟೇ. ಕಾರ್ಖಾನೆ ಇಲ್ಲದ ಮುಖಂಡ ನಮ್ಮಲ್ಲಿ ಬಾಸಿಂಗ ಇಲ್ಲದ ಮದುಮಗ.

ಊರ ಕಂಬಾರನ ಲೆಕ್ಕ ಬೇರೆ. ಮುಂಗಾರಿಗೆ ಮೊದಲು ಕುಳ ಹಣಿಸಲು, ಕುಡುಗೋಲಿಗೆ ಹಲ್ಲು ಹಾಕಿಸಲು ಎಲ್ಲರೂ ಅವನ ಕುಲುಮೆಯ ಮುಂದೆ ಸಾಲು ಹಚ್ಚುತ್ತಿದ್ದರು. ರಾಶಿ ಕಾಲಕ್ಕೆ ಅವನು ಕಣಕ್ಕೆ ಬಂದು ತನ್ನ ಪಾಲಿನ ಆಯ ಒಯ್ಯುತ್ತಿದ್ದ. ಕಾರ್ಖಾನೆಯ ಕುಳ ಬಂತು, ಸವೆದರೆ ಬೋಲ್ಟು ಬಿಚ್ಚಿ ಹೊಸದನ್ನು ಹಾಕು. ಕಂಬಾರ ಪಾನಾ ಹಿಡಿದು ಇಂಜಿನ್ ಮಿಸ್ತ್ರಿಯಾದ, ಅವನ ಮಗ ಬೆಳಗಾವಿಯ ಫೌಂಡ್ರಿ ಸೇರಿದ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಕಂಬಾರರ ಮನೆಯಲ್ಲಿ ಹುಟ್ಟಿದ ಹುಡುಗನೊಬ್ಬ ಮಾತ್ರ ಈ ಧಂದೆಯ ಭವಿಷ್ಯ ಬೇಗ ಅರಿತ. ಕಬ್ಬಿಣ ಬಿಟ್ಟು ಭಾಷೆಯನ್ನು ಕಾಯಿಸಿ ಬಡಿದ, 2010ರ ಜ್ಞಾನಪೀಠ ಚಂದ್ರಶೇಖರ ಕಂಬಾರರ ಮನೆಗೆ ಬಂತು. ಉಳಿದ ಕಂಬಾರರಿಗೆ ಆಯವೂ ಇಲ್ಲ, ಪ್ರಶಸ್ತಿಯೂ ಇಲ್ಲ.

ಇನ್ನು ಗೊಬ್ಬರ. 1951ರಲ್ಲಿ ಆಗಿನ ಬಿಹಾರದ ಸಿಂದ್ರಿಯಲ್ಲಿ ಅಮೋನಿಯಂ ಸಲ್ಫೇಟಿನ ಕಾರ್ಖಾನೆ ಶುರುವಾಯಿತು. ನಮ್ಮ ಹಳ್ಳಿಗಳು ಆ ಬಿಳಿ ಪುಡಿಗೆ ಇಟ್ಟ ಹೆಸರು 'ಸರಕಾರಿ ಗೊಬ್ಬರ'. ಇದಕ್ಕಿಂತ ನಿಖರವಾದ ವೈಜ್ಞಾನಿಕ ನಾಮಕರಣ ನನಗೆ ಗೊತ್ತಿಲ್ಲ. ಹಾಕಿದ ವರ್ಷ ಹಸಿರೋ ಹಸಿರು. ಮರುವರ್ಷ ಅಷ್ಟೇ ಹಸಿರಿಗೆ ಒಂದೂವರೆ ಪಟ್ಟು ಬೇಕು. ಸರಕಾರದ ಎಲ್ಲ ಕೆಲಸದ ಸ್ವಭಾವವೂ ಹೀಗೇ ಅಲ್ಲವೇ?

ನೀರಿಗೂ ಇಲ್ಲಿ ಉದ್ದದ ಇತಿಹಾಸವಿದೆ. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಬಿದ್ದದ್ದು 1897ರಲ್ಲಿ. ಸ್ವಾತಂತ್ರ್ಯದ ನಂತರ ಕಾಲುವೆ ಉದ್ದವಾಯಿತು, 1970ರ ದಶಕದಲ್ಲಿ ಹಿಡಕಲ್ ಆಣೆಕಟ್ಟು ಎದ್ದಿತು. ಕಾಲುವೆ ಕಟ್ಟಿದ ಇಂಜಿನಿಯರುಗಳು ನೀರು ಒಳಗೆ ಬರುವುದನ್ನು ಬಹಳ ಅಚ್ಚುಕಟ್ಟಾಗಿ ಯೋಚಿಸಿದ್ದರು. ಬಂದ ನೀರು ಹೊರಗೆ ಹೇಗೆ ಹೋಗಬೇಕೆಂಬ ಹಾಳೆ ಯಾವ ಫೈಲಿನಲ್ಲಿ ಕುಳಿತಿತೋ. ಎರಿಭೂಮಿ ನೀರನ್ನು ಹಿಡಿದರೆ ಬಿಡುವುದಲ್ಲ. ಅದರ ಮೇಲೆ ವರ್ಷಪೂರ್ತಿ ನಿಲ್ಲುವ ಕಬ್ಬು, ಕಬ್ಬಿಗೆ ಮೇಲಿಂದ ಮೇಲೆ ನೀರು. ತಳದ ಉಪ್ಪು ನೀರಿನ ಬೆನ್ನು ಹತ್ತಿ ಮೇಲೆ ಬಂತು. ಬಿಸಿಲಿಗೆ ನೀರು ಆರಿಹೋಯಿತು, ಉಪ್ಪು ಇಲ್ಲೇ ಮನೆ ಮಾಡಿತು. ಸವಳು-ಜವಳು ಎಂದು ಎರಡು ಮಕ್ಕಳ ಹೆಸರಿನ ಹಾಗೆ ಜೋಡಿಸಿ ಕರೆಯುತ್ತೇವೆ. ಈಗ ಹೊಲದ ಅಡಿಯಲ್ಲಿ ಕೊಳವೆ ಹೂತು ಆ ನೀರನ್ನು ಬಸಿಯುವುದಕ್ಕೆ ಮತ್ತೊಂದು ಸುಧಾರಣೆ ಬಂದಿದೆ. ಮೊದಲು ನೀರು ತರಲು ಸಾಲ, ಈಗ ಅದನ್ನು ಕಳಿಸಲು ಸಾಲ.

ವಿದ್ಯುತ್ತಿನ ಕಥೆಯಲ್ಲಿ ಇನ್ನೂ ಸ್ವಾರಸ್ಯವಿದೆ. 170 ಅಡಿ ಧುಮುಕುವ ಗೋಕಾಕ ಜಲಪಾತದ ಬಲದಿಂದ 1887ರಲ್ಲೇ ನೂಲಿನ ಗಿರಣಿ ತಿರುಗಿತು. ಅದರ ಭೋಂಗಾ ಕೇಳಿ ಸುತ್ತಲಿನವರು ಹೊತ್ತು ಗುರುತಿಸಿದರು, ರಾತ್ರಿ ಚಿಮಣಿ ಹಚ್ಚಿಕೊಂಡು ಕುಂತರು. ಹುಕ್ಕೇರಿಯವರು 1969ರಲ್ಲಿ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ದೇಶದಲ್ಲಿ ಮೊದಲು ಹುಟ್ಟಿದ ಕೆಲವೇ ಅಂಥ ಸಂಘಗಳಲ್ಲಿ ಅದೊಂದು, ಹೆಮ್ಮೆಯ ಮಾತು. ಈಗ ಆ ಸಂಘದ ಚುನಾವಣೆ ವಿಧಾನಸಭೆಯ ಚುನಾವಣೆಯನ್ನು ನಾಚಿಸುವ ಹಾಗೆ ನಡೆಯುತ್ತದೆ. ನಮ್ಮಲ್ಲಿ ತಂತಿಗಿಂತ ಹೆಚ್ಚು ಕರೆಂಟು ಕುರ್ಚಿಯಲ್ಲಿ ಹರಿಯುತ್ತದೆ.

ಪಂಪಿಗೆ ಕರೆಂಟು ಈಗ ಫುಕಟ್. ಬರುವುದು ಮಾತ್ರ ನಡುರಾತ್ರಿ ದಾಟಿದ ಮೇಲೆ. ಕಪಿಲೆಯ ಕಾಲದಲ್ಲಿ ಎತ್ತು, ಮನುಷ್ಯ ಇಬ್ಬರೂ ರಾತ್ರಿ ಮಲಗುತ್ತಿದ್ದರು. ಈಗ ಎತ್ತು ಇಲ್ಲ, ಮನುಷ್ಯನಿಗೆ ನಿದ್ದೆ ಇಲ್ಲ, ಹಾವಿಗೆ ಮಾತ್ರ ಜೊತೆ ಸಿಕ್ಕಿದೆ.

ಕಬ್ಬು ಬೆಳೆದ ಮೇಲಿನ ಯಂತ್ರಶಾಸ್ತ್ರಕ್ಕೆ ಕಾಟಾ ಅನ್ನುತ್ತಾರೆ, ಅಂದರೆ ತೂಕದ ಯಂತ್ರ. ಕೊನೆಯ ದೀರ್ಘ ತೆಗೆದರೆ ಅದರ ಇನ್ನೊಂದು ಅರ್ಥ ಸಿಗುತ್ತದೆ, ರೈತರು ತೆಗೆದೇ ಉಚ್ಚರಿಸುತ್ತಾರೆ. ಬೀಜ, ನೀರು, ಗೊಬ್ಬರ ಎಲ್ಲ ಸುಧಾರಿಸಿದವು, ದರವೊಂದು ಹಳೆಯ ಪದ್ಧತಿಯಲ್ಲೇ ಉಳಿಯಿತು. ಅದಕ್ಕೆ 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಯ ಮೇಲೆಯೇ ಅಡುಗೆ ಹೂಡಿ ಕುಳಿತರು. ಕೇಳಿದ್ದು ಟನ್ನಿಗೆ 3500 ರೂಪಾಯಿ, ಎದ್ದದ್ದು 3300ಕ್ಕೆ. ಕಬ್ಬು ಹೊಲದಲ್ಲಿ ಬೆಳೆಯುತ್ತದೆ, ದರ ಹೆದ್ದಾರಿಯಲ್ಲಿ ಬೆಳೆಯುತ್ತದೆ. ಕೃಷಿ ಕಾಲೇಜುಗಳು ಈ ಎರಡನೆಯ ಬೆಳೆಗೂ ಒಂದು ವಿಭಾಗ ತೆರೆಯಬೇಕು.

ಮೇಲವಂಕಿಯ ಕಾಕಾ ಚೀಟಿ ಮಡಚಿ ಕಿಸೆಗೆ ಇಟ್ಟುಕೊಳ್ಳುವಷ್ಟರಲ್ಲಿ ಒಬ್ಬ ಹುಡುಗ ಬಂದ. ಗ್ರಾಮಸೇವಕನ ಮೊಮ್ಮಗನ ವಯಸ್ಸು. ಸೈಕಲ್ಲಿಲ್ಲ, ಬಗಲಚೀಲವಿಲ್ಲ, ಎಲ್ಲಾ ಮೊಬೈಲಿನಲ್ಲಿ. ಬೆಳೆಯ ಫೋಟೋ ತೆಗೆದು ಏರಿಸಬೇಕಂತೆ, ಪರಿಹಾರ ಗಿರಿಹಾರ ಬರಬೇಕಾದರೆ. ಕಾಕಾ ಧೋತರ ಕೊಡವಿ, ಟೊಪ್ಪಿಗೆ ನೇರ ಮಾಡಿಕೊಂಡು ಕಬ್ಬಿನ ಮುಂದೆ ನಿಂತರು. ಹುಡುಗ ಮೊಬೈಲ್ ಎತ್ತಿದ, ಇಳಿಸಿದ, ಮತ್ತೆ ಎತ್ತಿದ.

"ಅಜ್ಜಾರ, ನೀವು ನಿಮ್ಮ ಹೊಲದಾಗ ಇಲ್ಲ ಅಂತೈತ್ರಿ ಇದು."

ಕಾಕಾ ಕೆಳಗೆ ನೋಡಿದರು. ಎರಡೂ ಪಾದ ತಮ್ಮದೇ ಮಣ್ಣಿನಲ್ಲಿ ಹೂತಿದ್ದವು. ನಾಲ್ಕು ಹೆಜ್ಜೆ ಬಲಕ್ಕೆ ಹೋದರು. ಇಲ್ಲ. ಹತ್ತು ಹೆಜ್ಜೆ ಹಿಂದೆ. ಇಲ್ಲ. ಬದು ದಾಟಿ ಬಾಜೂದವರ ಗೋವಿನಜೋಳದಲ್ಲಿ ನಿಂತ ಕೂಡಲೇ ಮೊಬೈಲು ಟಿಂಗ್ ಎಂದಿತು.

"ಈಗ ಬರೋಬರಿ ನಿಮ್ಮ ಹೊಲದಾಗ ಅದೀರಿ ನೋಡ್ರಿ. ಆದ್ರ ಬೆಳಿ ಕಬ್ಬು ಕಾಣವಲ್ದು."

ಬಾಜೂ ಹೊಲದಿಂದ ಯಾರೋ "ಯಾರಂವಾ ಅಲ್ಲೆ?" ಎಂದು ಒದರಿದರು. ಹುಡುಗ ಮೊಬೈಲನ್ನು ಆಕಾಶಕ್ಕೆ ಹಿಡಿದು ಅರ್ಧ ಸುತ್ತು ತಿರುಗಿದ.

"ನೆಟ್‌ವರ್ಕ್ ಹೋತ್ರಿ. ಗೌಡ್ರ, ಬರೂತನಾ ಬದುವಿನ ಮ್ಯಾಲ ಕುಂತು ಸ್ವಲ್ಪ ಸುಧಾರಿಸಿಕೊಳ್ರಿ."