ಯುದ್ಧಕಾಲೇ ಹೈಲೈಟರಾಭ್ಯಾಸ

ಮಸ್ಕತ್‌ನ ಘುಬ್ರಾದಲ್ಲಿ ಒಂದು ಫ್ಲ್ಯಾಟು. ಫೆಬ್ರವರಿಯ ರಾತ್ರಿ ಒಂದೂವರೆ. ಬೆಳಗಾದರೆ ಸಿಬಿಎಸ್‌ಇ ಹತ್ತನೇ ತರಗತಿಯ ವಿಜ್ಞಾನ ಪರೀಕ್ಷೆ. ಕುಂದಾಪುರ ಮೂಲದ ಈ ಮನೆಯ ಹುಡುಗಿ ಚಹಾ ಬಿಸಿ ಮಾಡಿಕೊಳ್ಳಲು ಅಡುಗೆಮನೆಗೆ ಹೋದ ಹೊತ್ತು ನೋಡಿ, ಪುಸ್ತಕದ ಮೇಲೆ ಮುಚ್ಚಳವಿಲ್ಲದೆ ಬಿದ್ದಿದ್ದ ಹಳದಿ ಹೈಲೈಟರನ್ನು ಮಾತಿಗೆಳೆದೆವು. ತುದಿ ಸವೆದಿತ್ತು, ಗತ್ತು ಸವೆದಿರಲಿಲ್ಲ.

ಪ್ರಶ್ನೆ: ಬಹಳ ದಣಿದಂತೆ ಕಾಣುತ್ತೀರಿ.

ಹೈಲೈಟರ್: ಸೀಸನ್ನು ಸ್ವಾಮಿ. ನನ್ನನ್ನು ಕೊಂಡದ್ದು ಏಪ್ರಿಲ್‌ನಲ್ಲಿ, ಹೊಸ ಪುಸ್ತಕಗಳ ಜೊತೆ. ರಜೆ ಸಿಕ್ಕಿದ್ದೇ ಮನೆಮಂದಿಯೆಲ್ಲ ಊರಿಗೆ ಹೋದರು. ನಾನು ಬೀಗ ಹಾಕಿದ ಮನೆಯ ಡ್ರಾಯರಿನಲ್ಲಿ ಬೆಂದೆ. ಅವರು ಬಂದು ಜೆಟ್ಟಿ ಮೀನಿನ ನೆನಪು ಮಾಸುವಷ್ಟರಲ್ಲಿ ನವೆಂಬರ್. ಈ ದೇಶದಲ್ಲಿ ಮನುಷ್ಯರು ಹೊರಗೆ ಸುಖವಾಗಿ ಕೂರಬಹುದಾದದ್ದು ನವೆಂಬರ್‌ನಿಂದ ಫೆಬ್ರವರಿವರೆಗೆ. ಶುಕ್ರವಾರ ಕುರುಮ್ ಬೀಚಿನಲ್ಲಿ ಬಾರ್ಬೆಕ್ಯೂ, ಶನಿವಾರ ವಾದಿ ಶಾಬ್, ಅದೂ ಇಲ್ಲದಿದ್ದರೆ ಕನ್ನಡದವರ ರಾಜ್ಯೋತ್ಸವ. ಕೂತು ಓದಬೇಕಾದ ತಿಂಗಳುಗಳೂ ಅವೇ. ಗೆದ್ದದ್ದು ಯಾವುದು ಅಂತ ಬೇರೆ ಹೇಳಬೇಕೇ?

ಪ್ರಶ್ನೆ: ಅಂದರೆ ಯುದ್ಧಕಾಲೇ ಶಸ್ತ್ರಾಭ್ಯಾಸ.

ಹೈಲೈಟರ್: ಆ ಶಸ್ತ್ರ ನಾನೇ. ನಮ್ಮ ಕುಲದ ಪ್ರಸಿದ್ಧರು, ಸ್ಟಾಬಿಲೋ ಬಾಸ್ ಅಂತ, 1971ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ನಾವು ಏನನ್ನೂ ಬರೆಯುವುದಿಲ್ಲ. ಬೇರೆಯವರು ಬರೆದದ್ದರ ಮೇಲೆ ಹಾದುಹೋಗುತ್ತೇವೆ. ಹುಡುಗಿಗೂ ಅದೇ ಅಭ್ಯಾಸ ಅಂಟಿದೆ. ‘ವಿದ್ಯುತ್’ ಪಾಠದಲ್ಲಿ ಈಗ ಬಣ್ಣ ಹಚ್ಚದ ಸಾಲು ಹುಡುಕಿದರೂ ಸಿಗದು.

ಪ್ರಶ್ನೆ: 2013ರಲ್ಲಿ ಜಾನ್ ಡನ್ಲಾಸ್ಕಿ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿ, ನಿಮ್ಮನ್ನು ತೀರಾ ಕೆಳದರ್ಜೆಗೆ ಹಾಕಿದ್ದಾರಲ್ಲ?

ಹೈಲೈಟರ್: ಹಾಕಲಿ. ಆ ಪ್ರಬಂಧವನ್ನೂ ಜನ ನನ್ನ ಕೈಲೇ ಗೆರೆ ಹೊಡೆಸಿ ಓದಿದ್ದಾರೆ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ಹಿಂದಿನ ರಾತ್ರಿ ಉರು ಹೊಡೆದು ಪ್ರಯೋಜನವಿದೆಯೇ?

ಹೈಲೈಟರ್: ಇದೆ. ಮೇಷ್ಟ್ರುಗಳು ಇಲ್ಲ ಅಂತಾರೆ, ಅದಕ್ಕೇ ಮಕ್ಕಳು ಅವರ ಮಾತು ನಂಬುವುದಿಲ್ಲ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಪರೀಕ್ಷಿಸಿ ನೋಡಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಎರಡು ಸಲ ಓದಿದವರದ್ದೇ ಮೇಲುಗೈ: ಶೇಕಡಾ 81, ಉಳಿದವರು 75. ನಮ್ಮ ಇಡೀ ಕಸುಬು ನಿಂತಿರುವುದು ಆ ಐದು ನಿಮಿಷದ ಮೇಲೆ.

ಪ್ರಶ್ನೆ: ವಾರ ಕಳೆದ ಮೇಲೆ?

ಹೈಲೈಟರ್: ಅದನ್ನು ಕೇಳದೆ ಬಿಡುತ್ತೀರಿ ಅಂದುಕೊಂಡಿದ್ದೆ. ಓದಿದವರದ್ದು 42ಕ್ಕೆ ಇಳಿಯಿತು. ಮುಚ್ಚಿಟ್ಟು ಬರೆದವರದ್ದು 56. ಆದರೆ ವಾರದ ಮೇಲೆ ಯಾರಪ್ಪಾ ಕೇಳುತ್ತಾರೆ? ಅಷ್ಟರಲ್ಲಿ ಇವಳು ಸಮಾಜ ವಿಜ್ಞಾನದಲ್ಲಿರುತ್ತಾಳೆ. ಡಾಕ್ಟರಾಗುತ್ತೇನೆ ಅಂತ ಹೊರಟರೆ ಮಾತ್ರ ಕಷ್ಟ. ನೀಟ್ ಬರೆಯಲು 2022ರಲ್ಲಿ ಮಸ್ಕತ್‌ಗೇ ಕೇಂದ್ರ ಕೊಟ್ಟರು. ಆದರೆ ಆ ಪರೀಕ್ಷೆಯಲ್ಲಿ ಹನ್ನೊಂದು, ಹನ್ನೆರಡು ಎರಡೂ ತರಗತಿಯ ಪಾಠ ಕೇಳುತ್ತಾರೆ. ಎರಡು ವರ್ಷವನ್ನು ಒಂದು ರಾತ್ರಿಗೆ ತುರುಕುವಷ್ಟು ಇಂಕು ನನ್ನಲ್ಲಿಲ್ಲ.

ಪ್ರಶ್ನೆ: ಇವತ್ತು ಹುಡುಗಿಗೆ ನಿಜವಾಗಿ ಬಂದದ್ದು ಏನಾದರೂ ಇದೆಯೇ?

ಹೈಲೈಟರ್: (ತುಸು ತಡೆದು) ಒಂದಿದೆ. ಫ್ಲೆಮಿಂಗ್‌ನ ಎಡಗೈ ನಿಯಮ. ಹೆಬ್ಬೆರಳು ಬಲದ ದಿಕ್ಕು, ತೋರುಬೆರಳು ಕಾಂತಕ್ಷೇತ್ರ, ನಡುಬೆರಳು ಕರೆಂಟು. ಎಡಗೈಯ ಮೂರು ಬೆರಳು ಮೂರು ಕಡೆಗೆ ಚಾಚಿ, ಮಣಿಕಟ್ಟು ತಿರುಗಿಸಿ, ಕಣ್ಣು ಮುಚ್ಚಿ ಹೇಳಿ ನೋಡಿದಳು. ಎರಡು ಸಲ ತಪ್ಪಿತು, ತನ್ನನ್ನೇ ಬೈದುಕೊಂಡಳು, ಮೂರನೇ ಸಲ ಬಂತು. ಆಗ ನನ್ನನ್ನು ಕೆಳಗಿಟ್ಟಿದ್ದಳು. ಇದನ್ನು ದಯವಿಟ್ಟು ಅಚ್ಚು ಹಾಕಬೇಡಿ.

ಪ್ರಶ್ನೆ: ಮನೆಯವರು ಏನೂ ಅನ್ನುವುದಿಲ್ಲವೇ?

ಹೈಲೈಟರ್: ‘ಮೊದಲಿಂದ ಓದಿದ್ದರೆ ಈ ಗತಿ ಬರುತ್ತಿತ್ತಾ’ ಅಂತ ಅಪ್ಪ ಹತ್ತು ಗಂಟೆಗೆ ಒಂದು ಭಾಷಣ ಮಾಡಿ ಮಲಗಿದರು. ಅವರ ರೆಸಿಡೆಂಟ್ ಕಾರ್ಡು ನವೀಕರಣ ಆದದ್ದು ಅವಧಿ ಮುಗಿಯುವ ದಿನ ಮಧ್ಯಾಹ್ನ. ಆ ಫಾರ್ಮಿಗೂ ಗೆರೆ ಎಳೆದವನು ನಾನೇ. ಅಮ್ಮ ಊರಿನ ಅಕ್ಕನ ಮಗನ ಅಂಕ ನೆನಪಿಸುತ್ತಾರೆ. ಅವನೂ ಸಿಬಿಎಸ್‌ಇ. ಅವನಿಗೆ ಪರೀಕ್ಷೆ ಹತ್ತೂವರೆಗೆ, ಅದೇ ಗಳಿಗೆಗೆ ಇಲ್ಲಿ ಒಂಬತ್ತು. ಗಡಿಯಾರ ನೋಡಿಕೊಂಡು ಓದುವ ನಮ್ಮಂಥವರಿಗೆ ಬೆಳಗಿನ ಒಂದೂವರೆ ಗಂಟೆ ಖೋತಾ! ಸಾಲದ್ದಕ್ಕೆ, ಐದಕ್ಕೆ ಸರಿಯಾಗಿ ಕುಂದಾಪುರದ ಅಜ್ಜಿಯ ಫೋನು: ‘ಎದ್ಯಾ ಮಗಾ?’ ಅಲ್ಲಿ ಆಗಲೇ ಆರೂವರೆ. ಎದ್ದಳೇ ಅಂತ ಕೇಳಬೇಕಾದರೆ ಮಲಗಿರಬೇಕಲ್ಲ.

ಪ್ರಶ್ನೆ: ಹೌದು, ನಿದ್ದೆ?

ಹೈಲೈಟರ್: ಲಾಸ್ ಏಂಜಲೀಸಿನ ಹೈಸ್ಕೂಲು ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ನಿದ್ದೆ ಬಿಟ್ಟು ಎಂದಿಗಿಂತ ಹೆಚ್ಚು ಓದಿದ ಮಾರನೆಯ ದಿನವೇ ಮಕ್ಕಳಿಗೆ ಪಾಠ ಅರ್ಥವಾಗದಿರುವುದು, ಪರೀಕ್ಷೆ ಕೆಡುವುದು ಹೆಚ್ಚಂತೆ. ಎಂಟೂಮುಕ್ಕಾಲಿಗೆ ಪ್ರಶ್ನೆಪತ್ರಿಕೆ ಕೈಗೆ ಬರುತ್ತದೆ. ಹದಿನೈದು ನಿಮಿಷ ಬರೀ ಓದಬೇಕು, ಬರೆಯುವಂತಿಲ್ಲ. ಆ ಹೊತ್ತಿನಲ್ಲಿ ಇವಳಿಗೆ ಕಣ್ಣೆದುರು ಬರುವುದು ಪುಟದ ಹಳದಿ ಬಣ್ಣ. ಅಕ್ಷರ ಬರುತ್ತದೋ ಇಲ್ಲವೋ, ಗ್ಯಾರಂಟಿ ಕೊಡಲಾರೆ.

ಪ್ರಶ್ನೆ: ಈಗ ಅರ್ಧದಷ್ಟು ಅಂಕ ಯೋಚಿಸಿ ಉತ್ತರಿಸುವ ಪ್ರಶ್ನೆಗಳಿಗೇ ಹೋಗುತ್ತಿದೆ. ನಿಮ್ಮ ಕಾಲ ಮುಗಿಯಿತಲ್ಲವೇ?

ಹೈಲೈಟರ್: ಯಾರು ಹೇಳಿದ್ದು? ಅಂಥ ಪ್ರಶ್ನೆಗಳಿಗೂ ಮಾದರಿ ಉತ್ತರದ ಪುಸ್ತಕ ಬಂದಿದೆ. ಅದಕ್ಕೂ ಗೆರೆ ನಾನೇ ಹೊಡೆಯಬೇಕು. ಇನ್ನೊಂದು ಶುಭ ಸಮಾಚಾರ. 2026ರಿಂದ ಹತ್ತನೆಯವರಿಗೆ ಮೇ ತಿಂಗಳಲ್ಲಿ ಎರಡನೇ ಬೋರ್ಡ್ ಪರೀಕ್ಷೆ. ಬೇಕಾದವರು ಮೂರು ವಿಷಯದವರೆಗೆ ಅಂಕ ಸುಧಾರಿಸಿಕೊಳ್ಳಬಹುದು. ಮಕ್ಕಳ ಒತ್ತಡ ಇಳಿಸಲಿಕ್ಕಂತೆ. ಸಂತೋಷ. ನಮಗೆ ಮಾತ್ರ ವರ್ಷಕ್ಕೊಂದಿದ್ದ ‘ಹಿಂದಿನ ರಾತ್ರಿ’ ಎರಡಾದವು.

ಪ್ರಶ್ನೆ: ಕೊನೆಯದಾಗಿ, ಇನ್ನು ಉಳಿದಿರುವ ಹೊತ್ತಿನಲ್ಲಿ ಹುಡುಗಿ ಏನು ಮಾಡಬೇಕು?

ಹೈಲೈಟರ್: ನನ್ನ ಹೊಟ್ಟೆಪಾಡಿಗೆ ಕಲ್ಲು ಹಾಕುವ ಪ್ರಶ್ನೆ. ನನಗೆ ಮುಚ್ಚಳ ಹಾಕಿ, ಒಂದು ಖಾಲಿ ಹಾಳೆಯಲ್ಲಿ ಬಂದಷ್ಟು ಬರೆದು, ಬಾರದ್ದನ್ನಷ್ಟೇ ತೆಗೆದು ನೋಡಿ, ಎರಡಕ್ಕೆ ದೀಪ ಆರಿಸಬೇಕು. ಆದರೆ ನೋಡಿ, ಬಂದಳು. ಹದಿಮೂರನೇ ಅಧ್ಯಾಯ ಪೂರ್ತಿ ಬಾಕಿಯಿದೆ, ‘ನಮ್ಮ ಪರಿಸರ’. ಅದನ್ನು ಓದಿದವರನ್ನು ನಾನಂತೂ ಕಂಡಿಲ್ಲ, ಎಲ್ಲರೂ ಹಳದಿ ಮಾಡುತ್ತಾರೆ. ಸ್ವಲ್ಪ ಆ ಕಡೆ ಸರಿಯಿರಿ, ಪುಟ ತಿರುಗಿಸಬೇಕು.